ಕಡಲ ಮೀನಿಗೆ ಕಾಯಿಲೆ: ಬಾಟಲಿಗೆ ಮೊದಲು ಟಾರ್ಚ್

ಬೆಳಿಗ್ಗೆ ಏಳು ಗಂಟೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ. ಹಾಲ್‌ನಲ್ಲಿರುವ ಮೂರಡಿ ಉದ್ದದ ಗಾಜಿನ ತೊಟ್ಟಿಗೆ ಮನೆಯ ಹುಡುಗ ಲೈಟ್ ಹಾಕುತ್ತಾನೆ. ದಿನಾ ಆ ಹೊತ್ತಿಗೆ ಗಾಜಿಗೆ ಮೂತಿ ಒತ್ತಿಕೊಂಡು ಊಟಕ್ಕೆ ಕಾಯುವ ಕಿತ್ತಳೆ ಮೈಯ, ಬಿಳಿ ಪಟ್ಟೆಯ ‘ನೀಮೋ’ ಇವತ್ತು ಮೂಲೆಯಲ್ಲಿ, ಪಂಪಿನ ನೀರು ರಭಸದಿಂದ ಬರುವ ಕಡೆ ಮುಖ ಮಾಡಿ ನಿಂತಿದೆ. ಕಾಳು ಹಾಕಿದರೂ ತಿರುಗಿ ನೋಡುತ್ತಿಲ್ಲ. ಕಿವಿರು ಪಟಪಟ ಬಡಿಯುತ್ತಿದೆ. ಅಪ್ಪ ಸ್ಕೂಟರ್ ಹತ್ತಿ ಅಂಗಡಿಗೆ ಓಡುತ್ತಾರೆ. “ಯಾಕೋ ಮೀನು ಡಲ್ ಆಗಿದೆಯಲ್ಲಪ್ಪಾ.” “ಈ ನೀಲಿ ಔಷಧಿ ಹತ್ತು ಹನಿ ಬಿಡಿ ಸಾರ್, ಸರಿಹೋಗುತ್ತೆ.” ರಾತ್ರಿಗೆ ತೊಟ್ಟಿಯ ನೀರೆಲ್ಲ ನೀಲಿ. ಮರುದಿನ ಬೆಳಿಗ್ಗೆ ಮೀನು ಮಗ್ಗುಲಾಗಿ ಬಿದ್ದಿದೆ.

ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಉಪ್ಪುನೀರಿನ ಮೀನು ಸಾಕಿದವರಿಗೆ ಈ ಕಥೆ ಹೊಸದಲ್ಲ. ಗೋಲ್ಡ್‌ಫಿಶ್, ಗಪ್ಪಿ, ಏಂಜೆಲ್ ಸಾಕಿ ಕೈ ಪಳಗಿದವರು ಸಮುದ್ರದ ಮೀನಿಗೆ ಬಡ್ತಿ ಪಡೆಯುತ್ತಾರೆ. 2003ರಲ್ಲಿ ‘ಫೈಂಡಿಂಗ್ ನೀಮೋ’ ಬಂದಮೇಲಂತೂ ಕ್ಲೌನ್ ಮೀನು ಮಕ್ಕಳ ಬಾಯಲ್ಲಿ ‘ನೀಮೋ’, ನೀಲಿ ಟ್ಯಾಂಗ್ ‘ಡೋರಿ’. ತೊಟ್ಟಿ, ಲೈಟು, ಪಂಪು, ಉಪ್ಪು ಎಂದು ಸಾವಿರಗಟ್ಟಲೆ ಸುರಿದವರೂ ಮೀನಿಗೆ ಕಾಯಿಲೆ ಬಂದಾಗ ಮಾತ್ರ ಕಣ್ಣುಮುಚ್ಚಿ ಬಾಟಲಿ ತಿರುವುತ್ತಾರೆ. ಯಾವ ಕಾಯಿಲೆ ಎಂದು ಕೇಳುವುದೇ ಇಲ್ಲ. ಕೇಳಿದರೆ ಅರ್ಧಕ್ಕರ್ಧ ಉತ್ತರವನ್ನು ಮೀನೇ ಕೊಡುತ್ತದೆ.

ಘಾಟಿ ದಾಟಿ ಬರುವ ಸಮುದ್ರ

ಆಗುಂಬೆ ಇಳಿದರೆ ಉಡುಪಿ, ಹುಲಿಕಲ್ ಇಳಿದರೆ ಕುಂದಾಪುರ. ಸಮುದ್ರವೇನೋ ಕೆಲವೇ ಗಂಟೆಗಳ ದಾರಿ. ಆದರೆ ಕ್ಯಾನು ತುಂಬಿಕೊಂಡು ಬಂದ ದಡದ ನೀರನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಹೊಳೆಗಳೆಲ್ಲ ಕೆಂಪಾಗಿ ಕಡಲಿಗೆ ಬಿದ್ದು ದಡದ ನೀರಿನ ಉಪ್ಪು ಇಳಿದುಹೋಗುತ್ತದೆ. ಬಂದರಿನ ಹತ್ತಿರವಾದರೆ ಡೀಸೆಲ್, ಕೊಳಚೆ. ಹಾಗಾಗಿ ಒಳನಾಡಿನವರಿಗೆ ಪ್ಯಾಕೆಟ್ಟಿನ ಸಮುದ್ರದ ಉಪ್ಪೇ ಗತಿ. ಅದನ್ನು ಬೆರೆಸಲು ಗಲ್ಲಿಗೊಂದರಂತೆ ಇರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಚೆನ್ನಾಗಿ ಒದಗುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಸಮುದ್ರದ ಲೆಕ್ಕ. 20 ಲೀಟರಿನ ಒಂದು ಕ್ಯಾನಿಗೆ 700 ಗ್ರಾಂ. ಅಡುಗೆಯ ಕಲ್ಲುಪ್ಪು ಈ ಕೆಲಸಕ್ಕೆ ಆಗುವುದಿಲ್ಲ. ಕಡಲಿನ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ಲೆಕ್ಕಾಚಾರವಾಗಿ ಸೇರಿರಬೇಕು.

ಮೀನು ಬರುವುದು ಬಹುಪಾಲು ಬೆಂಗಳೂರಿನ ಮಾರಾಟಗಾರರಿಂದ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ರಾತ್ರಿಯ ರೈಲಿಗೋ ಬಸ್ಸಿಗೋ. ಅದಕ್ಕೂ ಮೊದಲು ಅದು ಇಂಡೊನೇಷ್ಯಾದ ಹವಳದ ದಿಬ್ಬದಿಂದಲೋ ತಮಿಳುನಾಡಿನ ಸಾಕಣೆ ಕೇಂದ್ರದಿಂದಲೋ ಹೊರಟು ಎಷ್ಟು ಕೈ ದಾಟಿದೆಯೋ ಹೇಳುವವರಿಲ್ಲ. ಕಾಯಿಲೆ ಹತ್ತುವುದು ಹೆಚ್ಚಾಗಿ ಈ ದಾರಿಯಲ್ಲಿ.

ಚೀಲ ಬಿಚ್ಚುವ ಕ್ಷಣದಲ್ಲೇ ಒಂದು ಅಪಾಯ ಅಡಗಿದೆ. ಮುಚ್ಚಿದ ಚೀಲದೊಳಗೆ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿ ನೀರು ಆಮ್ಲೀಯವಾಗುತ್ತದೆ. ಆ ಸ್ಥಿತಿಯಲ್ಲಿ ಮೀನಿನ ಮಲಮೂತ್ರದ ಅಮೋನಿಯಾ ಅಷ್ಟಾಗಿ ವಿಷವಲ್ಲ. ಚೀಲ ಬಿಚ್ಚಿದ ಕೂಡಲೇ ಅನಿಲ ಹಾರಿಹೋಗಿ, ನೀರು ಕ್ಷಾರೀಯವಾಗಿ, ಅದೇ ಅಮೋನಿಯಾ ವಿಷವಾಗುತ್ತದೆ. “ನಿಧಾನಕ್ಕೆ ಹನಿ ಹನಿ ನೀರು ಬಿಟ್ಟು ಗಂಟೆಗಟ್ಟಲೆ ಹೊಂದಿಸಿ” ಎನ್ನುವ ಸಲಹೆ ದೂರದಿಂದ ಬಂದ ಮೀನಿನ ಮಟ್ಟಿಗೆ ಒಳ್ಳೆಯದಲ್ಲ. ಚೀಲದ ನೀರಿನ ಉಪ್ಪು ಅಳೆದು, ಅದಕ್ಕೆ ಸರಿಯಾದ ಹೊಸ ನೀರನ್ನು ಮೊದಲೇ ಸಿದ್ಧ ಮಾಡಿ, ಬೇಗ ದಾಟಿಸುವುದು ವಾಸಿ.

ನೀರು ಕುಡಿಯುವ ಮೀನು

ಸಿಹಿನೀರಿನ ಮೀನು ನೀರು ಕುಡಿಯುವುದು ಅಷ್ಟಕ್ಕಷ್ಟೆ. ಅದರ ಮೈಯೊಳಗೆ ಹೊರಗಿಗಿಂತ ಉಪ್ಪು ಹೆಚ್ಚು. ನೀರು ತಾನಾಗಿ ಒಳಕ್ಕೆ ನುಗ್ಗುತ್ತದೆ, ಮೀನು ಅದನ್ನು ಮೂತ್ರವಾಗಿ ಹೊರಹಾಕುತ್ತಲೇ ಇರುತ್ತದೆ. ಕಡಲ ಮೀನಿನದು ಇದಕ್ಕೆ ಪೂರಾ ತದ್ವಿರುದ್ಧ. ಸುತ್ತಲಿನ ನೀರೇ ಹೆಚ್ಚು ಉಪ್ಪು, ಮೈಯಿಂದ ನೀರು ಸದಾ ಸೋರುತ್ತಿರುತ್ತದೆ. ಬದುಕಬೇಕಾದರೆ ಅದು ಸಮುದ್ರದ ನೀರನ್ನು ಕುಡಿಯುತ್ತಲೇ ಇರಬೇಕು, ಹೆಚ್ಚಿನ ಉಪ್ಪನ್ನು ಕಿವಿರಿನ ಮೂಲಕ ಹೊರತಳ್ಳುತ್ತಲೇ ಇರಬೇಕು.

ಇದರಿಂದ ಎರಡು ಪರಿಣಾಮ. ಚರ್ಮಕ್ಕೋ ಕಿವಿರಿಗೋ ಗಾಯವಾದರೆ ಕಡಲ ಮೀನು ನೀರಿನ ನಡುವೆಯೇ ಒಣಗಿ ಸಾಯುತ್ತದೆ. ಸಿಹಿನೀರಿನ ಮೀನು ಎಳೆಯುವಷ್ಟು ದಿನ ಅದು ಎಳೆಯುವುದಿಲ್ಲ. ಎರಡನೆಯದು, ನೀರಿಗೆ ಸುರಿದ ಔಷಧಿ ಅದರ ಹೊಟ್ಟೆಗೂ ಇಳಿಯುತ್ತದೆ. ತಪ್ಪು ಔಷಧಿ ಎಂದರೆ ನೇರ ವಿಷಪ್ರಾಶನ.

ಮೀನಿಗೆ ಏನಾದರೂ ಆದರೆ ಒಂದು ಹಿಡಿ ಕಲ್ಲುಪ್ಪು ಹಾಕು ಎಂಬ ಹಳೆಯ ಮನೆಮದ್ದು ಸಿಹಿನೀರಿನಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಉಪ್ಪಿನಲ್ಲೇ ಹುಟ್ಟಿ ಬೆಳೆದ ಕಡಲ ರೋಗಾಣುವಿಗೆ ಉಪ್ಪು ಏನು ಮಾಡೀತು?

ಮೊದಲ ಅನುಮಾನ ನೀರಿನ ಮೇಲೆ

1980ರ ದಶಕದಲ್ಲಿ ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದಾಗ ಹೊಳೆದಂಡೆಯ ಜನ ಮೀನಿಗೆ ಯಾವ ರೋಗ ಎಂದು ಹುಡುಕುತ್ತ ಕೂರಲಿಲ್ಲ. ಕಾರ್ಖಾನೆಯ ಕೊಳವೆಯ ಕಡೆ ಬೆರಳು ತೋರಿಸಿದರು. ಆ ತರ್ಕ ಮನೆಯ ತೊಟ್ಟಿಗೂ ಸರಿ. ದೊಡ್ಡದು ಚಿಕ್ಕದು, ಹೊಸದು ಹಳೆಯದು ಎನ್ನದೆ ಎಲ್ಲ ಮೀನೂ ಕೆಲವೇ ಗಂಟೆಗಳಲ್ಲಿ ಒದ್ದಾಡಿದರೆ ತಪ್ಪಿತಸ್ಥ ನೀರು. ಮೊದಲು ಒಂದು, ಎರಡು ದಿನ ಬಿಟ್ಟು ಇನ್ನೊಂದು, ಆಮೇಲೆ ಮೂರನೆಯದು ಎಂದು ಸರದಿಯಲ್ಲಿ ಮಲಗಿದರೆ ರೋಗಾಣು ಒಳಗಿದೆ.

ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಭಾನುವಾರ ತೊಟ್ಟಿ ತಂದು ಸೋಮವಾರ ಮೀನು ಬಿಟ್ಟವರಿಗೆ ಬರುವ ‘ಕಾಯಿಲೆ’ ಇದೇ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಸಾಂದ್ರತೆ 1.025ರ ಆಸುಪಾಸು, ಪಿಎಚ್ 8.1ರಿಂದ 8.4, ಉಷ್ಣತೆ 24ರಿಂದ 27 ಡಿಗ್ರಿ. ಇಷ್ಟನ್ನು ಅಳೆಯಲು ಒಂದು ಟೆಸ್ಟ್ ಕಿಟ್, ಒಂದು ಥರ್ಮಾಮೀಟರ್, ಕಣ್ಣಿಗೆ ಹಿಡಿದು ಉಪ್ಪು ನೋಡುವ ರಿಫ್ರ್ಯಾಕ್ಟೋಮೀಟರ್ ಸಾಕು. ಇವಿಲ್ಲದೆ ಮೀನಿನ ಕಾಯಿಲೆ ಹೇಳುತ್ತೇನೆ ಎನ್ನುವವರ ಮಾತಿಗೆ ಕಿವಿ ಕೊಡಬೇಡಿ.

ನಮ್ಮ ಊರುಗಳಿಗೇ ಸೇರಿದ ಕೆಲವು ಕಾರಣಗಳಿವೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಹಾಲ್‌ನಲ್ಲಿರುವ ತೊಟ್ಟಿ 30 ಡಿಗ್ರಿ ದಾಟುವುದು ಸುಲಭ. ಸಮುದ್ರದ ನೀರಿಗೆ ಮೊದಲೇ ಸಿಹಿನೀರಿಗಿಂತ ಐದರಲ್ಲಿ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುವ ಗುಣ. ಬಿಸಿಯಾದರೆ ಇನ್ನೂ ಕಡಿಮೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹೋದ ನೀರಿಗೆ ಬದಲಾಗಿ ಮತ್ತೆ ಉಪ್ಪುನೀರನ್ನೇ ಸುರಿಯುವವರ ತೊಟ್ಟಿ ವಾರವಾರಕ್ಕೂ ಹೆಚ್ಚು ಉಪ್ಪಾಗುತ್ತದೆ. ಮಳೆಗಾಲದ್ದು ಇನ್ನೊಂದು ತೊಂದರೆ: ಗಾಳಿಮಳೆಗೆ ಕರೆಂಟ್ ಹೋಗಿ ರಾತ್ರಿಯಿಡೀ ಪಂಪ್ ನಿಂತರೆ ಬೆಳಿಗ್ಗೆ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿರುತ್ತವೆ. ಡೆಂಗಿ ಕಾಲದ ಫಾಗಿಂಗ್, ಮನೆಯೊಳಗಿನ ಸೊಳ್ಳೆ ದ್ರಾವಣ, ಬತ್ತಿ ಇವುಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ವಿಷ. ಗಾಳಿಯ ಪಂಪು ಅದನ್ನು ಎಳೆದು ನೀರಿಗೇ ಊದುತ್ತದೆ. ಇನ್ನು ಮಲೆನಾಡಿನ ಮನೆಗಳ ಹೆಮ್ಮೆಯ ತಾಮ್ರದ ಹಂಡೆ. ಅದರಲ್ಲಿ ಹಿಡಿದಿಟ್ಟ ನೀರು ತೊಟ್ಟಿಗೆ ಬೇಡವೇ ಬೇಡ. ಸೀಗಡಿ, ಏಡಿ, ಬಸವನಹುಳುಗಳಿಗೆ ತಾಮ್ರ ಆಗಿಬರುವುದಿಲ್ಲ.

ಚುಕ್ಕೆಗಳ ಲೆಕ್ಕಾಚಾರ

ನೀರು ಸರಿ ಇದೆ ಎಂದಾದ ಮೇಲೆ ಮೀನಿನ ಕಡೆ ತಿರುಗಬೇಕು. ಲೈಟ್ ಆರಿಸಿ, ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಗಾಜಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ.

ಮೈಮೇಲೆ, ರೆಕ್ಕೆಯ ಮೇಲೆ ಉಪ್ಪಿನ ಹರಳಿನಷ್ಟು ದಪ್ಪದ, ಒಂದೊಂದೂ ಬಿಡಿಬಿಡಿಯಾಗಿ ಎಣಿಸಬಹುದಾದ ಬಿಳಿ ಚುಕ್ಕೆಗಳಿದ್ದರೆ ಅದು ಕಡಲ ಬಿಳಿ ಚುಕ್ಕೆ ರೋಗ. ಕಾರಣ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ. ಆ ಹೆಸರು ಬಿದ್ದದ್ದು 1951ರಲ್ಲಿ. ಡೋರಿಗೆ ಇದು ಹತ್ತುವುದು ಬಹು ಬೇಗ. ಈ ಜೀವಿಯ ಬಾಳುವೆ ತಿಳಿಯದೆ ಚಿಕಿತ್ಸೆ ಮಾಡುವವರು ಮೋಸ ಹೋಗುವುದು ಖಂಡಿತ. ಅದು ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ಮೇಯುತ್ತದೆ. ಆಮೇಲೆ ಉದುರಿ ಮರಳಿಗೆ, ಕಲ್ಲಿಗೆ ಅಂಟಿ ಕವಚ ಕಟ್ಟಿಕೊಂಡು ಒಳಗೊಳಗೇ ನೂರಾರಾಗಿ ಒಡೆಯುತ್ತದೆ. ಮರಿಗಳು ಹೊರಬಿದ್ದ ಮೇಲೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಸಾಯುತ್ತವೆ.

ಅಂದರೆ ನಾಲ್ಕೈದು ದಿನಕ್ಕೆ ಚುಕ್ಕೆಗಳು ತಾವಾಗಿಯೇ ಮಾಯವಾಗುತ್ತವೆ. ಮನೆಯವರು ನೀಲಿ ಔಷಧಿಯ ಮಹಿಮೆ ಎಂದು ಹಿಗ್ಗುತ್ತಾರೆ. ಅಂಗಡಿಯವನಿಗೂ ಒಳ್ಳೆಯ ಹೆಸರು. ಕೆಲ ದಿನ ಬಿಟ್ಟು ಹತ್ತು ಚುಕ್ಕೆಯ ಜಾಗದಲ್ಲಿ ನೂರು. ಈ ‘ವಾಸಿಯಾಯಿತು’ ಎಂಬ ನಂಬಿಕೆಯೇ ಉಪ್ಪುನೀರಿನ ಹವ್ಯಾಸದಲ್ಲಿ ಅತಿ ಹೆಚ್ಚು ಮೀನು ಕೊಂದಿದೆ ಎಂಬುದು ನನ್ನ ಅಭಿಪ್ರಾಯ.

ಚುಕ್ಕೆ ಎಣಿಸಲಾಗದಷ್ಟು ಸಣ್ಣ, ಹೊಂಬಣ್ಣದ ಧೂಳು ಎರಚಿದ ಹಾಗೆ ಕಂಡರೆ ಅದು ವೆಲ್ವೆಟ್ ರೋಗ, ಅಮೈಲೋಡಿನಿಯಂ. ಇದು ಮೊದಲು ಕೂರುವುದು ಕಿವಿರಿನಲ್ಲಿ. ಆದ್ದರಿಂದ ಮೈಮೇಲೆ ಧೂಳು ಕಾಣುವ ಮೊದಲೇ ಮೀನು ಏದುಸಿರು ಬಿಡುತ್ತದೆ, ಬೆಳಕಿಗೆ ಬೆದರುತ್ತದೆ, ಪಂಪಿನ ರಭಸಕ್ಕೆ ಎದುರಾಗಿ ನಿಂತು ಆಮ್ಲಜನಕ ಹುಡುಕುತ್ತದೆ. ಇಲ್ಲಿ ವಾರಗಳ ಮಾತಿಲ್ಲ. ಎರಡು ಮೂರು ದಿನದಲ್ಲಿ ತೊಟ್ಟಿ ಖಾಲಿಯಾಗಬಹುದು.

ಕ್ಲೌನ್ ಮೀನಿಗೆ ಮೂರನೆಯ ಶತ್ರುವೊಂದಿದೆ: ಬ್ರೂಕ್ಲಿನೆಲ್ಲಾ. ಇದರಲ್ಲಿ ಚುಕ್ಕೆ ಮುಖ್ಯವಲ್ಲ. ಮೈಯ ಲೋಳೆ ದಪ್ಪವಾಗಿ, ಬಿಳಿಯ ಪೊರೆಯಾಗಿ ಕಿತ್ತು ಜೋತಾಡುತ್ತದೆ. ಬಣ್ಣ ಮಂಕಾಗುತ್ತದೆ. ಬಿಳಿ ಚುಕ್ಕೆಗೂ ವೆಲ್ವೆಟ್‌ಗೂ ಕೆಲಸ ಮಾಡುವ ತಾಮ್ರದ ಔಷಧಿ ಇದಕ್ಕೆ ನಾಟುವುದಿಲ್ಲ, ಫಾರ್ಮಲಿನ್ ಬೇಕು. ರೋಗ ಗುರುತಿಸುವುದು ಪಂಡಿತರ ಕಾಲಕ್ಷೇಪವಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಉಳಿದವನ್ನು ಬೇಗ ಹೇಳಿಬಿಡಬಹುದು. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಬಿಳಿ ಗಂಟು ಇದ್ದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್. ಔಷಧಿ ಇಲ್ಲ, ಒಳ್ಳೆಯ ನೀರು, ಒಳ್ಳೆಯ ಊಟ ಕೊಟ್ಟರೆ ಬಹುಪಾಲು ತಾನೇ ಹೋಗುತ್ತದೆ. ಒಂದು ಕಣ್ಣು ಮಾತ್ರ ಉಬ್ಬಿದ್ದರೆ ಕಲ್ಲಿಗೆ ಬಡಿದ ಪೆಟ್ಟಿರಬಹುದು, ಎರಡೂ ಉಬ್ಬಿದ್ದರೆ ಸೋಂಕು ಅಥವಾ ನೀರಿನ ದೋಷ. ಮಲ ಬಿಳಿ ದಾರದಂತೆ ಜೋತಾಡಿದರೆ ಹೊಟ್ಟೆಯೊಳಗೆ ಪರಾವಲಂಬಿ ಇರುವ ಅನುಮಾನ. ಒಂದು ಕಡೆಯ ಕಿವಿರನ್ನು ಮುಚ್ಚಿಕೊಂಡು ಇನ್ನೊಂದರಿಂದ ಮಾತ್ರ ಉಸಿರಾಡುತ್ತಾ, ಮೈಯನ್ನು ಕಲ್ಲಿಗೆ ಉಜ್ಜುತ್ತಿದ್ದರೆ ಚಪ್ಪಟೆ ಹುಳು, ಅಂದರೆ ಫ್ಲೂಕ್.

ಈ ಫ್ಲೂಕ್ ಪತ್ತೆಗೆ ಒಂದು ಸೊಗಸಾದ ಉಪಾಯವಿದೆ. ಮೈಮೇಲಿರುವಾಗ ಹುಳು ಪಾರದರ್ಶಕ, ಕಣ್ಣಿಗೆ ಬೀಳುವುದಿಲ್ಲ. ತೊಟ್ಟಿಯಷ್ಟೇ ಉಷ್ಣತೆ, ಅಷ್ಟೇ ಪಿಎಚ್ ಇರುವ, ಕ್ಲೋರಿನ್ ಇಲ್ಲದ ಸಿಹಿನೀರನ್ನು ಕಪ್ಪು ಬಕೆಟ್ಟಿನಲ್ಲಿ ತುಂಬಿ, ಗಾಳಿ ಕೊಟ್ಟು, ಮೀನನ್ನು ಮೂರರಿಂದ ಐದು ನಿಮಿಷ ಅದರಲ್ಲಿ ಬಿಡಬೇಕು. ಉಪ್ಪಿಲ್ಲದ ನೀರಿನಲ್ಲಿ ಹುಳು ಬೆಳ್ಳಗಾಗಿ ಎಳ್ಳಿನ ಸಿಪ್ಪೆಯ ಹಾಗೆ ಬಕೆಟ್ಟಿನ ತಳಕ್ಕೆ ಉದುರುತ್ತದೆ. ಮೀನು ತೀರಾ ಒದ್ದಾಡಿದರೆ ತಕ್ಷಣ ಎತ್ತಿಬಿಡಿ. ರೋಗ ಗೊತ್ತಾಗುವುದೂ ಮೀನಿಗೆ ಸ್ವಲ್ಪ ಉಪಶಮನವಾಗುವುದೂ ಒಟ್ಟಿಗೇ ಆಗುವ ಪರೀಕ್ಷೆ ಇದೊಂದೇ.

ಗಾಜಿನ ಮೇಲೊಂದು ಹನಿ

ಕಣ್ಣಿಗೆ ಕಂಡದ್ದು ಅನುಮಾನ. ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಸಾಕ್ಷಿ. ಮೀನಿನ ಮೈಯಿಂದ, ಎದೆಯ ರೆಕ್ಕೆಯ ಹಿಂದಿನಿಂದ ಚೂರು ಲೋಳೆಯನ್ನು ಕವರ್ ಗ್ಲಾಸಿನ ಅಂಚಿನಿಂದ ಹಗುರವಾಗಿ ಕೆರೆದು ಸ್ಲೈಡಿನ ಮೇಲೆ ಇಡುತ್ತಾರೆ. ಅದಕ್ಕೆ ಬಿಡುವ ಹನಿ ಅದೇ ತೊಟ್ಟಿಯ ನೀರಾಗಿರಬೇಕು. ನಲ್ಲಿ ನೀರು ಬಿಟ್ಟರೆ ಪರಾವಲಂಬಿಗಳು ಒಡೆದು, ಇದ್ದ ಸಾಕ್ಷಿಯೂ ನಾಶ. ನಲವತ್ತು, ನೂರು ಪಟ್ಟು ಹಿಗ್ಗಿಸಿದರೆ ಸಾಕು. ಮೈತುಂಬ ರೋಮವಿರುವ ದುಂಡನೆಯ ಕಪ್ಪು ಜೀವಿ ನಿಧಾನವಾಗಿ ಉರುಳುತ್ತಿದ್ದರೆ ಬಿಳಿ ಚುಕ್ಕೆ ರೋಗ. ಪೇರಲದ ಆಕಾರದಲ್ಲಿ, ಕಂದು ಬಣ್ಣದಲ್ಲಿ, ಅಂಟಿಕೊಂಡು ಅಲ್ಲಾಡದೆ ಕೂತಿದ್ದರೆ ವೆಲ್ವೆಟ್. ಮೂತ್ರಪಿಂಡದ ಆಕಾರದ್ದು ಜಾರುತ್ತಾ ಹರಿದಾಡಿದರೆ ಬ್ರೂಕ್ಲಿನೆಲ್ಲಾ.

ಇದರ ಬೆಲೆ ಗೊತ್ತಾಗಬೇಕಾದರೆ ಸಿಹಿನೀರಿನ ಒಂದು ಹಳೆಯ ಪ್ರಕರಣ ನೋಡಬೇಕು. 1988ರಲ್ಲಿ ಈಶಾನ್ಯ ಭಾರತಕ್ಕೆ ಕಾಲಿಟ್ಟ ಹುಣ್ಣು ರೋಗ ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಇಳಿಯಿತು. ಕೊರವ ಜಾತಿಯ ಮೀನುಗಳ ಮೈಮೇಲೆ ಕೆಂಪು ಹುಣ್ಣು, ಮಾರುಕಟ್ಟೆಯಲ್ಲಿ ಮೀನು ಕೊಳ್ಳಲು ಜನರಿಗೆ ಭಯ. ಹುಣ್ಣಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದರಿಂದ ಅದೇ ಕಾರಣ ಎಂದರು ಕೆಲವರು, ವೈರಸ್ ಎಂದರು ಇನ್ನು ಕೆಲವರು. ಕೊನೆಗೆ ಮಾಂಸದೊಳಕ್ಕೆ ಎಳೆ ಬಿಟ್ಟುಕೊಂಡು ಇಳಿಯುವ ಅಫನೋಮೈಸಿಸ್ ಇನ್ವಡಾನ್ಸ್ ಎಂಬ ಶಿಲೀಂಧ್ರದಂಥ ಜೀವಿಯೇ ಮೂಲ ಎಂದು ತೀರ್ಮಾನವಾಯಿತು. ಬ್ಯಾಕ್ಟೀರಿಯಾ ಆಮೇಲೆ ಬಂದು ಸೇರಿಕೊಂಡಿತ್ತು, ಅಷ್ಟೆ. ತಜ್ಞರೇ ವರ್ಷಗಟ್ಟಲೆ ತಡಕಾಡಿದ ಮೇಲೆ, ಕೌಂಟರಿನ ಆಚೆ ನಿಂತು ಮೀನನ್ನೂ ನೋಡದೆ ಹೇಳುವ ಔಷಧಿಗೆ ಏನು ಬೆಲೆ?

ಆಸ್ಪತ್ರೆ ತೊಟ್ಟಿ

ರೋಗ ಗೊತ್ತಾದ ಮೇಲೂ ಔಷಧಿಯನ್ನು ಮುಖ್ಯ ತೊಟ್ಟಿಗೆ ಸುರಿಯಬಾರದು. ತಾಮ್ರ ಸೀಗಡಿ, ಏಡಿಗಳನ್ನು ಕೊಲ್ಲುತ್ತದೆ, ಕಲ್ಲು ಮರಳಿನೊಳಗೆ ಸೇರಿ ತಿಂಗಳುಗಟ್ಟಲೆ ಉಳಿಯುತ್ತದೆ. ಕಲ್ಲು, ಮರಳು ಇಲ್ಲದ ಇನ್ನೊಂದು ಬೋಳು ತೊಟ್ಟಿ ಬೇಕು. ಮೀನು ಅಡಗಲು ಒಂದು ಪಿವಿಸಿ ಪೈಪಿನ ತುಂಡು, ಗಾಳಿಯ ಪಂಪು, ಸ್ಪಂಜಿನ ಫಿಲ್ಟರ್ ಇದ್ದರಾಯಿತು. ತಾಮ್ರದಲ್ಲೂ ಒಂದೇ ಬಗೆಯಿಲ್ಲ. ಸರಳ ರೂಪದ್ದಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಇನ್ನೊಂದು ಬಗೆಯದು ಇದರ ಹತ್ತು ಪಟ್ಟು ಮೀರಬಹುದು. ಬಾಟಲಿಯ ಮೇಲೆ ಯಾವುದು ಎಂದು ಓದದೆ, ತಾಮ್ರ ಅಳೆಯುವ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಡಿಮೆಯಾದರೆ ರೋಗ ಸಾಯುವುದಿಲ್ಲ, ಹೆಚ್ಚಾದರೆ ಮೀನು ಸಾಯುತ್ತದೆ.

ಅತ್ತ ಮುಖ್ಯ ತೊಟ್ಟಿಯಲ್ಲಿ ಒಂದು ಮೀನೂ ಇಲ್ಲದಂತೆ ಬಿಡಬೇಕು. ಬಿಳಿ ಚುಕ್ಕೆಯ ಕವಚಗಳು 72 ದಿನದವರೆಗೆ ಕಾದು ಆಮೇಲೆ ಒಡೆದದ್ದು ದಾಖಲಾಗಿದೆ. ಅದಕ್ಕೇ ಅನುಭವಿಗಳು 76 ದಿನ ಎನ್ನುತ್ತಾರೆ. ಎರಡೂವರೆ ತಿಂಗಳು ಖಾಲಿ ನೀರು ನೋಡುತ್ತ ಕೂರುವ ತಾಳ್ಮೆ ಯಾರಿಗಿದೆ ಎಂದರೆ, ಹೊಸ ಮೀನನ್ನು ನಾಲ್ಕಾರು ವಾರ ಬೇರೆ ಇಡುವ ತಾಳ್ಮೆಯನ್ನು ಮೊದಲೇ ತೋರಿಸಿದ್ದರೆ ಇದು ಬೇಕಿರಲಿಲ್ಲ. ಕ್ವಾರಂಟೈನ್ ಎಂದರೇನು ಎಂದು 2020ರ ನಂತರ ಯಾರಿಗೂ ವಿವರಿಸಬೇಕಾಗಿಲ್ಲವಲ್ಲ.

ಕೊಳ್ಳುವಾಗಲೂ ಒಂದು ವಿವೇಚನೆ ಇರಲಿ. ಕ್ಲೌನ್ ಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸುವ ವಿಧಾನವನ್ನು ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಕಡಲಿನಿಂದ ಹಿಡಿದು ತಂದ ಮೀನಿಗಿಂತ ಗಟ್ಟಿ, ಕಾಳು ತಿನ್ನಲು ಮೊದಲೇ ಕಲಿತಿರುತ್ತದೆ. ಸಮುದ್ರ ಕುದುರೆ, ಹವಳಗಳ ಆಸೆಯನ್ನು ಮಾತ್ರ ಬಿಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಿಂದ ಅವಕ್ಕೆ ರಕ್ಷಣೆ ಇದೆ.

ಯಾರನ್ನು ಕೇಳುವುದು?

ಮೀನಿನ ಡಾಕ್ಟರ್ ಎಂಬ ಬೋರ್ಡು ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಸಿಗುವುದಿಲ್ಲ. ಆದರೆ ಮೈಕ್ರೋಸ್ಕೋಪು, ಅದರಲ್ಲಿ ಪರಾವಲಂಬಿ ನೋಡಿ ಅಭ್ಯಾಸವಿರುವ ಕಣ್ಣು ಎರಡೂ ಜಿಲ್ಲೆಯಲ್ಲೇ ಇವೆ: ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು, ಸಹ್ಯಾದ್ರಿ ವಿಜ್ಞಾನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ, ಭದ್ರಾವತಿಯವರಿಗೆ ಹತ್ತಿರವಾಗುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಅಲಂಕಾರಿಕ ಮೀನಿಗೆಂದೇ ಇರುವ ಹೊರರೋಗಿ ವಿಭಾಗಗಳಲ್ಲ ಇವು. ಮೊದಲೇ ಫೋನ್ ಮಾಡಿ, ವಿನಯವಾಗಿ ಕೇಳಿಕೊಂಡು ಹೋಗಬೇಕು. ಪಕ್ಕಾ ತಜ್ಞರೇ ಬೇಕೆಂದರೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. 1969ರಲ್ಲಿ ಆರಂಭವಾದ ಅಲ್ಲಿನ ಮೀನುಗಾರಿಕಾ ಕಾಲೇಜು ದೇಶದಲ್ಲೇ ಮೊದಲನೆಯದು, ಜಲಚರಗಳ ಆರೋಗ್ಯಕ್ಕೇ ಅಲ್ಲಿ ಪ್ರತ್ಯೇಕ ವಿಭಾಗವಿದೆ.

ಎಲ್ಲಿಗೇ ಹೋದರೂ ಕೆಲವು ಸಂಗತಿ ಬರೆದುಕೊಂಡು ಹೋಗಿ: ಕೊನೆಯ ಹೊಸ ಮೀನು ಬಂದದ್ದು ಯಾವಾಗ, ಮೊದಲು ಮಲಗಿದ್ದು ಯಾವುದು, ನೀರಿನ ಅಳತೆಗಳೇನು, ಈಗಾಗಲೇ ಏನೇನು ಸುರಿದಿದ್ದೀರಿ. ಕೊನೆಯದನ್ನು ಮುಚ್ಚಿಡಬೇಡಿ. ಆರೋಗ್ಯವಾಗಿದ್ದಾಗ ಮೀನು ನಿಮಿಷಕ್ಕೆ ಎಷ್ಟು ಬಾರಿ ಕಿವಿರು ಬಡಿಯುತ್ತಿತ್ತು ಎಂಬ ಲೆಕ್ಕ ಇದ್ದರೆ ಇನ್ನೂ ಒಳ್ಳೆಯದು. ಜೀವವಿರುವ ಮೀನು ಒಂದು ಚೀಲದಲ್ಲಿ ತೊಟ್ಟಿಯದೇ ನೀರಿನೊಂದಿಗೆ, ಪರೀಕ್ಷೆಗೆ ಬರೀ ನೀರು ಇನ್ನೊಂದು ಬಾಟಲಿಯಲ್ಲಿ. ಸತ್ತ ಮೀನನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಒಯ್ಯುವುದರಿಂದ ಪ್ರಯೋಜನ ಕಡಿಮೆ. ಪರಾವಲಂಬಿಗಳು ಸತ್ತ ಮೈಯನ್ನು ಬಹುಬೇಗ ಬಿಟ್ಟು ಹೋಗುತ್ತವೆ, ಫ್ರೀಜರಿನಲ್ಲಿಟ್ಟರೆ ಉಳಿದವೂ ಒಡೆದುಹೋಗುತ್ತವೆ. ಮೀನು ಉಸಿರಾಡುತ್ತಿರುವಾಗಲೇ ಹೊರಡಿ.